ನೋಡೋರು ಸಾವಿರ, ಕೊಳ್ಳೋರು ನಾಲ್ಕು: ಆನ್‌ಲೈನ್ ಅಂಗಡಿಗೆ ಬಂದ ಗಿರಾಕಿ ವಾಪಸ್ ಹೋಗದಂತೆ ಮಾಡುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಮನೆ ಅಂದುಕೊಳ್ಳಿ. ಅಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ, ಸಂಡಿಗೆ ತಯಾರಾಗುತ್ತವೆ. ಮೊದಲು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಮಾರಾಟ ಇತ್ತು. ಆಮೇಲೆ ಸ್ವಂತ ವೆಬ್‌ಸೈಟ್ ಬಂತು. ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಚೆನ್ನಾಗಿ ಓಡಿತು, ಜಾಹೀರಾತಿಗೂ ಒಂದಿಷ್ಟು ದುಡ್ಡು ಹಾಕಿದ್ದಾಯಿತು. ಈಗ ತಿಂಗಳಿಗೆ ಸಾವಿರ ಜನ ಬಂದು ನೋಡುತ್ತಾರೆ. ಆರ್ಡರ್ ನಾಲ್ಕು. ಅದರಲ್ಲಿ ಎರಡು ನೆಂಟರದ್ದು.

ಮುಂಬೈ, ಠಾಣೆ, ಪುಣೆಯಲ್ಲಿ ಮನೆಯಿಂದಲೇ ಅಂಗಡಿ ನಡೆಸುವ ಕನ್ನಡಿಗರಿಗೆ ಇದು ಹೊಸ ಕಥೆಯೇನಲ್ಲ. ಹೀಗಾದಾಗ ಸಿಗುವ ಸಲಹೆಯೂ ಹಳೆಯದೇ: "ಇನ್ನೂ ಜಾಸ್ತಿ ಜಾಹೀರಾತು ಕೊಡಿ." ಬೇಡ. ಇರುವ ಜಾಹೀರಾತನ್ನೂ ಸದ್ಯ ನಿಲ್ಲಿಸಿ. ಬಂದವರು ಯಾವ ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದಾರೆ ಅಂತ ಗೊತ್ತಾಗುವ ತನಕ ಇನ್ನಷ್ಟು ಜನರನ್ನು ಕರೆದರೆ ಖರ್ಚು ಮಾತ್ರ ಬೆಳೆಯುತ್ತದೆ.

ಮೊದಲು ಲೆಕ್ಕ

ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಉಚಿತ. ಶಾಪಿಫೈ, ವೂಕಾಮರ್ಸ್‌ನಂಥ ಆನ್‌ಲೈನ್ ಅಂಗಡಿ ಕಟ್ಟುವ ವ್ಯವಸ್ಥೆಗಳಿಗೆ ಅದನ್ನು ಜೋಡಿಸುವ ಆ್ಯಪ್ ಅಥವಾ ಪ್ಲಗಿನ್ ಇರುತ್ತದೆ. ಜೋಡಿಸಿದ ಮೇಲೆ ಅಲ್ಲಿ ನೂರೆಂಟು ಅಂಕಿ ಕಾಣುತ್ತವೆ. ಎಲ್ಲ ಬಿಡಿ. ಐದು ಸಾಕು: ಎಷ್ಟು ಜನ ಬಂದರು, ಎಷ್ಟು ಜನ ಒಂದಾದರೂ ಸಾಮಾನಿನ ಪುಟ ತೆರೆದರು, ಎಷ್ಟು ಜನ ಕಾರ್ಟ್‌ಗೆ (ಬೇಕಾದ್ದನ್ನು ಆರಿಸಿಡುವ ಬುಟ್ಟಿಗೆ) ಹಾಕಿದರು, ಎಷ್ಟು ಜನ ಚೆಕ್‌ಔಟ್‌ಗೆ (ವಿಳಾಸ ಬರೆದು ದುಡ್ಡು ಕೊಡುವ ಪುಟಕ್ಕೆ) ಹೋದರು, ಎಷ್ಟು ಜನ ದುಡ್ಡು ಕೊಟ್ಟರು.

ನಮ್ಮ ಡೊಂಬಿವಲಿ ಅಂಗಡಿಯ ಲೆಕ್ಕ 1000, 400, 60, 35, 4 ಅಂತಿಟ್ಟುಕೊಳ್ಳೋಣ. ಇದನ್ನು ನೋಡಿದ ಕೂಡಲೇ ಒಂದು ವಿಷಯ ಸ್ಪಷ್ಟ. ರೊಟ್ಟಿಯ ಮೇಲೆ ಜನರಿಗೆ ಆಸೆ ಇದೆ. 35 ಜನ ಕೌಂಟರ್ ತನಕ ಬಂದು ನಿಂತಿದ್ದಾರೆ. ಅಲ್ಲಿ ಏನೋ ನೋಡಿ 31 ಜನ ತಿರುಗಿ ಹೋಗಿದ್ದಾರೆ. ಅಂದರೆ ಫೋಟೋ ಬದಲಿಸುವುದು, ಲೋಗೋ ಬದಲಿಸುವುದು ಈಗಿನ ಕೆಲಸ ಅಲ್ಲವೇ ಅಲ್ಲ. ಅದೇ 400 ಜನ ಪುಟ ನೋಡಿ ಐದೇ ಜನ ಕಾರ್ಟ್‌ಗೆ ಹಾಕಿದ್ದರೆ ತೊಂದರೆ ಸಾಮಾನಿನ ಪುಟದಲ್ಲಿ. ಸಾವಿರದಲ್ಲಿ 50 ಜನ ಮಾತ್ರ ಒಳಗೆ ಇಣುಕಿದ್ದರೆ ಬಂದವರೇ ಬೇರೆ, ಗಿರಾಕಿಗಳಲ್ಲ.

ಹಾಗಾಗಿ ಊರಿನ ಪಟ್ಟಿಯನ್ನೂ ಒಮ್ಮೆ ನೋಡಿ, ಅನಲಿಟಿಕ್ಸ್‌ನಲ್ಲೇ ಸಿಗುತ್ತದೆ. ರೀಲ್ ನೋಡಿ ಬಂದವರಲ್ಲಿ ಅರ್ಧಕ್ಕರ್ಧ ಬಾಗಲಕೋಟೆ, ವಿಜಯಪುರದವರಾದರೆ ಅವರು ಡೊಂಬಿವಲಿಯಿಂದ ರೊಟ್ಟಿ ಯಾಕೆ ತರಿಸುತ್ತಾರೆ ಹೇಳಿ. ಪಾಪ, ವಿಡಿಯೊ ಚೆನ್ನಾಗಿದೆ ಅಂತ ನೋಡಿ ಹೋಗಿದ್ದಾರೆ.

ಎಷ್ಟು ಜನ ಕೊಂಡರೆ ಸರಿ? ನೂರಕ್ಕೆ ಒಬ್ಬರಿಂದ ಮೂವರು ಕೊಂಡರೆ ಸಣ್ಣ ಅಂಗಡಿ ಸರಿಯಾಗಿಯೇ ನಡೆಯುತ್ತಿದೆ ಅನ್ನಬಹುದು. ಕಾರ್ಟ್‌ಗೆ ಹಾಕಿ ಬಿಟ್ಟು ಹೋಗುವುದಂತೂ ಎಲ್ಲ ಕಡೆ ಇದ್ದದ್ದೇ. ಆನ್‌ಲೈನ್ ಅಂಗಡಿಗಳ ಬಗ್ಗೆ ಸಂಶೋಧನೆ ಮಾಡುವ ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ವರ್ಷಗಳಿಂದ ಒಟ್ಟುಗೂಡಿಸಿರುವ ಲೆಕ್ಕದಲ್ಲಿ ಸುಮಾರು ಶೇ 70ರಷ್ಟು ಕಾರ್ಟ್‌ಗಳು ಹಾಗೇ ಉಳಿಯುತ್ತವೆ. ಸುಮ್ನೆ ನೋಡಲು ಬಂದವರನ್ನು ಬಿಟ್ಟರೆ, ಉಳಿದವರು ಹೇಳುವ ಕಾರಣಗಳಲ್ಲಿ ಮೊದಲನೆಯದು ಕೊನೆಯಲ್ಲಿ ಸೇರುವ ಹೆಚ್ಚುವರಿ ಖರ್ಚು.

ನಿಮ್ಮ ಅಂಗಡಿಗೆ ನೀವೇ ಗಿರಾಕಿಯಾಗಿ

ಲ್ಯಾಪ್‌ಟಾಪ್ ಮುಚ್ಚಿಡಿ. ಮನೆಯ ವೈಫೈ ಆಫ್ ಮಾಡಿ. ಫೋನ್ ಹಿಡಿದು, ನಿಮ್ಮದೇ ಇನ್‌ಸ್ಟಾಗ್ರಾಂ ಪುಟದ ಲಿಂಕ್ ಒತ್ತಿ ಅಂಗಡಿಗೆ ಹೋಗಿ. ಒಂದು ಪ್ಯಾಕೆಟ್ ರೊಟ್ಟಿಯನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳಿ. ಆಗುವುದಾದರೆ ಇದನ್ನು ಲೋಕಲ್ ರೈಲಿನಲ್ಲಿ ನಿಂತು ಮಾಡಿ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈಯ ಹೆಬ್ಬೆರಳಷ್ಟೇ ಖಾಲಿ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದೆ. ನಿಮ್ಮ ಎಷ್ಟೋ ಗಿರಾಕಿಗಳು ಅಂಗಡಿ ನೋಡುವುದು ಹೀಗೇ.

ಹೀಗೆ ಮಾಡಿದಾಗ ಮನೆಯಲ್ಲಿ ಕೂತರೆ ಕಾಣದ್ದು ಕಾಣುತ್ತದೆ. "10% ಡಿಸ್ಕೌಂಟ್" ಎಂಬ ಪಾಪ್‌ಅಪ್ ಅರ್ಧ ಪರದೆ ಮುಚ್ಚುತ್ತದೆ, ಅದನ್ನು ಮುಚ್ಚುವ ಗುರುತು ಬೆರಳಿಗೆ ಸಿಗುವುದಿಲ್ಲ. ಕೊಳ್ಳುವ ಮೊದಲು ಅಕೌಂಟ್ ತೆರೆಯಿರಿ, ಪಾಸ್‌ವರ್ಡ್ ಇಡಿ ಅನ್ನುತ್ತದೆ. ಇನ್ನೂರು ರೂಪಾಯಿ ರೊಟ್ಟಿಗೆ ಪಾಸ್‌ವರ್ಡ್ ಯಾಕೆ ಬೇಕು? ಆ ಎರಡನ್ನೂ ತೆಗೆದುಹಾಕಿ. ಫೋನ್ ನಂಬರ್, ವಿಳಾಸ, ಪಿನ್‌ಕೋಡ್ ಇಷ್ಟೇ ಕೇಳಿ.

ಇನ್ನೊಂದು ಗುಪ್ತ ತೊಂದರೆ ಇದೆ. ಇನ್‌ಸ್ಟಾಗ್ರಾಂನ ಲಿಂಕ್ ಒತ್ತಿದರೆ ಅಂಗಡಿ ಅದರದೇ ಒಳಗಿನ ಬ್ರೌಸರ್‌ನಲ್ಲಿ ತೆರೆಯುತ್ತದೆ. ಕೆಲವು ಫೋನ್‌ಗಳಲ್ಲಿ ಅಲ್ಲಿಂದ ಯುಪಿಐ ಆ್ಯಪ್‌ಗೆ ಹೋಗುವ ದಾರಿ ತಪ್ಪುತ್ತದೆ. ಗಿರಾಕಿ ಎರಡು ಸಲ ಒತ್ತಿ ನೋಡಿ ಬಿಡುತ್ತಾರೆ. ನಿಮಗೆ ಹೇಳುವುದೂ ಇಲ್ಲ. ಎರಡು ಮೂರು ಬೇರೆ ಬೇರೆ ಫೋನ್‌ಗಳಲ್ಲಿ ಪರೀಕ್ಷಿಸಿ. ತೊಂದರೆ ಕಂಡರೆ ಪೇಮೆಂಟ್ ಗೇಟ್‌ವೇಯವರನ್ನು (ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಯವರನ್ನು) ಹಿಡಿದು ಸರಿಮಾಡಿಸಿ, ಅಲ್ಲಿಯವರೆಗೆ ಕ್ಯೂಆರ್ ಕೋಡ್ ದಾರಿಯನ್ನೂ ಇಟ್ಟಿರಿ.

ಆಮೇಲೆ ಫೋನನ್ನು ಬೇರೆಯವರ ಕೈಗೆ ಕೊಡಿ. ಪಕ್ಕದ ಮನೆಯ ಮರಾಠಿ ಕಾಕೂ ಆಗಬಹುದು, ಕನ್ನಡ ಸಂಘದಲ್ಲಿ ಸಿಗುವ ಹಿರಿಯರಾಗಬಹುದು. "ಒಂದು ಕೆಜಿ ಸಂಡಿಗೆ ತರಿಸಿ ನೋಡಿ" ಅನ್ನಿ, ಆಮೇಲೆ ಬಾಯಿ ಮುಚ್ಚಿ ಕೂತುಕೊಳ್ಳಿ. ಇದೇ ಕಷ್ಟ. "ಅಲ್ಲಿ ಒತ್ತಿ, ಇಲ್ಲಿ ಒತ್ತಿ" ಅನ್ನಲು ನಾಲಿಗೆ ತುರಿಸುತ್ತದೆ. ವೆಬ್‌ಸೈಟ್ ಬಳಕೆಯ ಬಗ್ಗೆ ಬಹಳ ಕೆಲಸ ಮಾಡಿದ ಜೇಕಬ್ ನೀಲ್ಸನ್ 2000ದಲ್ಲೇ ಹೇಳಿದ ಪ್ರಕಾರ, ಐದು ಜನರನ್ನು ಹೀಗೆ ನೋಡಿದರೆ ದೊಡ್ಡ ತೊಂದರೆಗಳು ಬಹುಮಟ್ಟಿಗೆ ಹೊರಬೀಳುತ್ತವೆ. ಯಾರೂ ಸಿಗದಿದ್ದರೆ ಮೈಕ್ರೋಸಾಫ್ಟ್ ಕ್ಲಾರಿಟಿ ಎಂಬ ಉಚಿತ ಸಾಧನ ಜೋಡಿಸಿ. ಬಂದವರು ಎಲ್ಲಿ ಒತ್ತಿದರು, ಎಲ್ಲಿ ನಿಂತರು ಎಂಬುದರ ರೆಕಾರ್ಡಿಂಗ್ ಸಿಗುತ್ತದೆ.

31 ಜನ ತಿರುಗಿ ಹೋದದ್ದು ಯಾಕೆ?

ನನ್ನ ಅನುಮಾನ ಮೊದಲು ಹೋಗುವುದು ಡೆಲಿವರಿ ಚಾರ್ಜ್ ಮೇಲೆ. ರೊಟ್ಟಿ 220 ರೂಪಾಯಿ ಅಂತ ನೋಡಿ ಬಂದವರಿಗೆ ವಿಳಾಸ ಎಲ್ಲ ಬರೆದಾದ ಮೇಲೆ 340 ಕಂಡರೆ ಏನನ್ನಿಸುತ್ತದೆ? 120 ರೂಪಾಯಿ ದೊಡ್ಡದಲ್ಲದಿರಬಹುದು. ಮೊದಲೇ ಹೇಳಲಿಲ್ಲವಲ್ಲ ಎಂಬ ಸಿಟ್ಟು ದೊಡ್ಡದು.

ಮೊದಲ ಕೆಲಸ: ಚಾರ್ಜನ್ನು ಸಾಮಾನಿನ ಪುಟದಲ್ಲೇ, ಬೆಲೆಯ ಕೆಳಗೇ ಬರೆಯಿರಿ. "ಮುಂಬೈ, ಠಾಣೆ, ನವಿ ಮುಂಬೈಗೆ ಇಷ್ಟು, ಪುಣೆಗೆ ಇಷ್ಟು, ಬೇರೆ ಕಡೆ ಇಷ್ಟು." ಕಾನೂನೂ ಇದನ್ನೇ ಹೇಳುತ್ತದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನೂ ಅದರಲ್ಲಿ ಡೆಲಿವರಿ, ತೆರಿಗೆ ಎಷ್ಟೆಷ್ಟು ಎಂಬುದನ್ನೂ ತೋರಿಸಬೇಕು. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ಯಾಮಾರಿಸುವ ವೆಬ್‌ಸೈಟ್ ತಂತ್ರಗಳ) ಮಾರ್ಗಸೂಚಿಗಳು ಬೆಲೆಯನ್ನು ಬಚ್ಚಿಟ್ಟು ಕೊನೆಗೆ ತೋರಿಸುವುದನ್ನು ತಪ್ಪು ವ್ಯಾಪಾರದ ಪಟ್ಟಿಗೆ ಸೇರಿಸಿವೆ. ಕೇಳದೆ ಕಾರ್ಟ್‌ಗೆ ಸಾಮಾನು ತುರುಕುವುದು, "ಎರಡೇ ಉಳಿದಿವೆ, ಬೇಗ ಕೊಳ್ಳಿ" ಅಂತ ಸುಳ್ಳು ಅವಸರ ಹುಟ್ಟಿಸುವುದು ಕೂಡ ಅದೇ ಪಟ್ಟಿಯಲ್ಲಿವೆ. ಮನೆಯ ಡಬ್ಬಿಯಲ್ಲಿ ಎಂಬತ್ತು ರೊಟ್ಟಿ ಇಟ್ಟುಕೊಂಡು ಎರಡೇ ಇದೆ ಅನ್ನುವುದು ಬೇಡ.

ಎರಡನೆಯ ಕೆಲಸ ಚಾರ್ಜನ್ನೇ ಇಳಿಸುವುದು. ಇಲ್ಲಿ ಅಳತೆಪಟ್ಟಿ ತೆಗೆದುಕೊಳ್ಳಿ. ಕೊರಿಯರ್‌ನವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಅದಕ್ಕೂ ನಿಜ ತೂಕಕ್ಕೂ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಖಡಕ್ ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. 20 ರೊಟ್ಟಿಯ ಪಾರ್ಸೆಲ್ ಪ್ಯಾಕಿಂಗ್ ಸೇರಿ ಒಂದು ಕೆಜಿ ಇರಬಹುದು. ಅದನ್ನು 30×30×15ರ ಡಬ್ಬಿಯಲ್ಲಿ ಹಾಕಿದರೆ ಕೊರಿಯರ್ ಲೆಕ್ಕದಲ್ಲಿ 2.7 ಕೆಜಿ! ಅದೇ ರೊಟ್ಟಿ 25×25×10ರ ಡಬ್ಬಿಯಲ್ಲಿ ಕೂತರೆ 1.25 ಕೆಜಿ. ರೊಟ್ಟಿ ಅದೇ, ರಟ್ಟು ಬೇರೆ. ಡಬ್ಬಿ ಮಾಡುವವರಲ್ಲಿ ಅಳತೆ ಕೊಟ್ಟು ಮಾಡಿಸಿದರೂ ಕೆಲವೇ ಪಾರ್ಸೆಲ್‌ಗಳಲ್ಲಿ ಖರ್ಚು ವಾಪಸ್ ಬರುತ್ತದೆ. ಹಾಗಂತ ತುಂಬ ಬಿಗಿ ಮಾಡಬೇಡಿ. ಸುತ್ತ ಒಂದೆರಡು ಸೆಂಟಿಮೀಟರ್ ಮೆತ್ತನೆ ಜಾಗ ಇಲ್ಲದಿದ್ದರೆ ಗಿರಾಕಿಗೆ ಸಿಗುವುದು ರೊಟ್ಟಿಯಲ್ಲ, ಪುಡಿ.

ಮೂರನೆಯದು, ಆರ್ಡರ್ ದೊಡ್ಡದು ಮಾಡುವುದು. ಚಟ್ನಿ ಪುಡಿಗೆ ಡಬ್ಬಿಯಲ್ಲಿ ಹೇಗೂ ಜಾಗ ಇರುತ್ತದೆ. 20 ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸೇರಿಸಿ ಒಂದು ಜೋಡಿ ಪ್ಯಾಕ್ ಮಾಡಿ, ಅದಕ್ಕೆ ಡೆಲಿವರಿ ಸೇರಿಸಿಯೇ ಬೆಲೆ ಇಡಿ. ಬಿಡಿಯಾಗಿ ಕೊಳ್ಳುವವರಿಗೆ ಉಚಿತ ಡೆಲಿವರಿಯ ಗೆರೆಯನ್ನು ನಿಮ್ಮ ಸರಾಸರಿ ಆರ್ಡರ್‌ಗಿಂತ ಸ್ವಲ್ಪ ಮೇಲೆ ಎಳೆಯಿರಿ. ಸರಾಸರಿ 450 ಇದ್ದರೆ 599 ಸರಿ. 1,500 ಅಂತ ಇಟ್ಟರೆ ಯಾರೂ ಅತ್ತ ನೋಡುವುದಿಲ್ಲ.

ಪುಟದಲ್ಲಿ ಏನು ಬರೆಯಬೇಕು

"ಪ್ರೀಮಿಯಂ ಕ್ವಾಲಿಟಿ, ಅಜ್ಜಿಯ ಕೈರುಚಿ" ಅಂತ ಬರೆದರೆ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ತೆರೆದು ಗಿರಾಕಿಗಳು ಈವರೆಗೆ ಕೇಳಿದ್ದನ್ನೆಲ್ಲ ಒಂದು ಕಡೆ ಬರೆಯಿರಿ. ಅವೇ ನಿಮ್ಮ ಪುಟ. ಉದಾಹರಣೆಗೆ:

"20 ರೊಟ್ಟಿ, ಸುಮಾರು 800 ಗ್ರಾಂ. ಜೋಳದ ಹಿಟ್ಟು, ನೀರು, ಉಪ್ಪು, ಬೇರೇನಿಲ್ಲ. ಗಾಳಿ ತಾಗದ ಡಬ್ಬಿಯಲ್ಲಿ ಇಡಿ. ತಯಾರಿಸಿದ ತಾರೀಖು ಪ್ಯಾಕೆಟ್ ಮೇಲಿದೆ. ಸೋಮವಾರ, ಗುರುವಾರ ಕಳುಹಿಸುತ್ತೇವೆ. ಐದಕ್ಕಿಂತ ಜಾಸ್ತಿ ಮುರಿದಿದ್ದರೆ ಫೋಟೋ ಕಳಿಸಿ, ದುಡ್ಡು ವಾಪಸ್."

ಇದರಲ್ಲಿ ಕೊನೆಯ ಸಾಲೇ ಹೆಚ್ಚು ಮಾರಾಟ ಮಾಡುವ ಸಾಲು. ಫೋಟೋಗಳಲ್ಲಿ ಒಂದಾದರೂ ಕೈಯಲ್ಲಿ ಹಿಡಿದದ್ದಿರಲಿ, ಗಾತ್ರ ಗೊತ್ತಾಗುತ್ತದೆ. ಫೋನಿನಲ್ಲಿ ತೆಗೆದ ಫೋಟೋವನ್ನು ನಾಲ್ಕೈದು ಎಂಬಿ ಇದ್ದ ಹಾಗೇ ಹಾಕಬೇಡಿ, ವೆಬ್‌ಪಿ ಎಂಬ ಹಗುರ ಫೈಲ್ ರೂಪಕ್ಕೆ ಬದಲಿಸಿ 200 ಕೆಬಿಯೊಳಗೆ ತನ್ನಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ ಪುಟದ ವೇಗ ತಿಳಿಯುತ್ತದೆ. ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಂಡರೆ ಪಾಸು.

ಇದು ಯಾರ ಅಂಗಡಿ?

ಹೊಸಬರಿಗೆ ನಿಮ್ಮ ಪರಿಚಯ ಇಲ್ಲ. ದುಡ್ಡು ಕೊಟ್ಟ ಮೇಲೆ ಮಾಯವಾಗುವ ಅಂಗಡಿಗಳನ್ನು ಅವರೂ ಕಂಡಿದ್ದಾರೆ. ಹೆಸರು, ವಿಳಾಸ, ಫೋನ್ ನಂಬರ್, ವಾಪಸಾತಿಯ ಷರತ್ತು, ದೂರು ಕೇಳುವವರ ಹೆಸರು ಎಲ್ಲ ಪುಟದ ಕೆಳಗೆ ಇರಲಿ. ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಅಂತ ತಿಳಿಸಿ ಒಂದು ತಿಂಗಳಲ್ಲಿ ಬಗೆಹರಿಸಬೇಕು ಎಂಬುದೂ 2020ರ ನಿಯಮಗಳಲ್ಲೇ ಇದೆ. ತಿಂಡಿ ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ಕೊಡುವ 14 ಅಂಕಿಯ ನಂಬರನ್ನು ಎದ್ದು ಕಾಣುವಂತೆ ಹಾಕಿ.

ಕ್ಯಾಶ್ ಆನ್ ಡೆಲಿವರಿ ಇರಬೇಕೇ? ಇಟ್ಟರೆ ಆರ್ಡರ್ ಹೆಚ್ಚುತ್ತದೆ ನಿಜ. ಬಾಗಿಲಲ್ಲಿ ಬೇಡ ಅಂದವರ ಪಾರ್ಸೆಲ್ ಹೋಗುವ, ಬರುವ ಎರಡೂ ಖರ್ಚು ನಿಮ್ಮದೇ ಎಂಬುದೂ ನಿಜ. ಸುತ್ತಾಡಿ ಬಂದ ರೊಟ್ಟಿಯನ್ನು ಮತ್ತೆ ಮಾರಲೂ ಆಗದು. ನನ್ನ ಮಟ್ಟಿಗೆ, ಮುಂಬೈ ಸುತ್ತಮುತ್ತಲಿಗೆ ಮಾತ್ರ ಇಡಿ, ಕಳಿಸುವ ಮೊದಲು ಒಂದು ಫೋನ್ ಮಾಡಿ.

ಬದಲಾಯಿಸಿ, ಕಾಯಿರಿ

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಡೆಲಿವರಿ ಚಾರ್ಜ್ ಮೊದಲು, ಎರಡು ವಾರ ಬಿಟ್ಟು ಸಾಮಾನಿನ ಪುಟ, ಆಮೇಲೆ ಉಳಿದದ್ದು. ಆರ್ಡರ್ ನಾಲ್ಕರಿಂದ ಆರಾಯಿತು ಅಂತ ಕುಣಿಯಬೇಡಿ, ಅಷ್ಟು ಏರಿಳಿತ ಸುಮ್ನೆಯೂ ಆಗುತ್ತದೆ. ಚೆಕ್‌ಔಟ್‌ಗೆ ಬಂದ 35ರಲ್ಲಿ ದುಡ್ಡು ಕೊಟ್ಟವರು ಎಷ್ಟು ಎಂಬುದನ್ನು ನೋಡಿ. ಅದು ಹದಿನೈದರ ಹತ್ತಿರ ಬಂದರೆ ಕೆಲಸ ಫಲ ಕೊಟ್ಟಿದೆ. ಗಣೇಶ ಹಬ್ಬ, ದೀಪಾವಳಿಯ ವಾರವನ್ನು ಪಿತೃಪಕ್ಷದ ವಾರದ ಜೊತೆ ಹೋಲಿಸುವುದೂ ಬೇಡ.

ನಂಬರ್ ಕೊಟ್ಟು ಮಧ್ಯದಲ್ಲಿ ಬಿಟ್ಟವರಿಗೆ, ಸಂದೇಶ ಕಳಿಸಲು ಒಪ್ಪಿಗೆ ಇದ್ದರೆ, ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಒಂದು ಸಂದೇಶ ಹಾಕಿ. ಕೂಪನ್ ಬೇಡ. "ಆರ್ಡರ್ ಮಾಡುವಾಗ ಏನಾದರೂ ತೊಂದರೆ ಆಯಿತಾ?" ಅಂತ ಕೇಳಿದರೆ ಸಾಕು. ಕೆಲವರು ಕೊಳ್ಳುತ್ತಾರೆ, ಕೆಲವರು ಕಾರಣ ಹೇಳುತ್ತಾರೆ. ಎರಡೂ ಲಾಭವೇ.

ಇಷ್ಟಾದ ಮೇಲೆ ಜಾಹೀರಾತು ಮತ್ತೆ ಶುರು ಮಾಡಿ, ದಿನಕ್ಕೆ ಸಣ್ಣ ಮೊತ್ತದಿಂದ. ಮುಖಪುಟಕ್ಕೆ ಕಳಿಸಬೇಡಿ, ಚೆನ್ನಾಗಿ ಹೋಗುತ್ತಿರುವ ಆ ಜೋಡಿ ಪ್ಯಾಕಿನ ಪುಟಕ್ಕೇ ಕಳಿಸಿ. ನೀವು ಅಗ್ಗವಾಗಿ ತಲುಪಿಸಬಲ್ಲ ಪಿನ್‌ಕೋಡ್‌ಗಳಿಗೆ ಮಾತ್ರ ತೋರಿಸಿ: ಡೊಂಬಿವಲಿ, ಕಲ್ಯಾಣ, ಠಾಣೆ, ಮುಲುಂಡ್, ಮಾಟುಂಗಾ. ಬಾಗಲಕೋಟೆಯನ್ನು ಪಟ್ಟಿಯಿಂದ ತೆಗೆಯಲು ಮರೆಯಬೇಡಿ.