ಸಹಚರ ಯಾವಾಗ ರಥ ಇಳಿಯುತ್ತಾನೆ: ಆರ್‌ಪಿಜಿ ಆಟಗಳಿಗೆ ಜೊತೆಗಾರರನ್ನು ಕಟ್ಟುವ ಕ್ರಮ

ತುಮಕೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡುತ್ತ ಬೆಳೆದವರಿಗೆ ಶಲ್ಯನ ಪರಿಚಯ ಹೇಳಬೇಕಾಗಿಲ್ಲ. ಕರ್ಣನ ರಥ ನಡೆಸಲು ಒಪ್ಪಿಕೊಂಡವನು ಅವನೇ, ಹೆಜ್ಜೆಹೆಜ್ಜೆಗೂ ಕರ್ಣನಿಗೆ ಎದುರು ನುಡಿಯುವವನೂ ಅವನೇ. ಸರ್ಪಾಸ್ತ್ರದ ವಿಷಯದಲ್ಲಿ ತನ್ನ ಮಾತು ನಡೆಯದಾದಾಗ ರಣರಂಗದ ನಡುವೆಯೇ ರಥ ಇಳಿದು ಹೋಗುವವನೂ ಅವನೇ. ಬೆಳಗಿನ ಜಾವ ಆ ದೃಶ್ಯ ಬರುವ ಹೊತ್ತಿಗೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಕಂಪ್ಯೂಟರ್ ರೋಲ್ ಪ್ಲೇಯಿಂಗ್ ಆಟಕ್ಕೆ (ಆರ್‌ಪಿಜಿ, ಅಂದರೆ ಆಟಗಾರ ತಾನೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ಆಟ) ಸಹಚರ ಪಾತ್ರಗಳನ್ನು ಬರೆಯಹೊರಟ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಪಾತ್ರದ ಆಯುಧ, ಶಕ್ತಿ, ಹಿಂದಿನ ಕಥೆ ಇವೆಲ್ಲವನ್ನೂ ಬರೆಯುವ ಮೊದಲು, ಅದು ಯಾವ ಕಾರಣಕ್ಕೆ ನಿಮ್ಮ ರಥ ಇಳಿದು ಹೋಗುತ್ತದೆ ಎಂಬ ಒಂದು ವಾಕ್ಯವನ್ನು ಬರೆದಿಟ್ಟುಕೊಳ್ಳಿ.

ಒಂದು ಸಣ್ಣ ಆಟವನ್ನು ಕಲ್ಪಿಸಿಕೊಳ್ಳೋಣ. ಪಾಳೆಯಗಾರರ ಕಾಲ, ಮಧುಗಿರಿ ಬೆಟ್ಟದ ಆಸುಪಾಸಿನ ಒಂದು ಊರು. ಎರಡು ವರ್ಷದಿಂದ ಮಳೆಯಿಲ್ಲ, ಕೆರೆಯಲ್ಲಿ ಉಳಿದ ನೀರು ಒಂದೇ ಬೆಳೆಗೆ ಸಾಲುವಷ್ಟಿದೆ, ಕೆಳಗಿನ ಊರಿನವರು ತೂಬು ಎತ್ತಿರೆಂದು ಕೇಳುತ್ತಿದ್ದಾರೆ. ಆಟಗಾರನ ಜೊತೆಗೆ ಬರಬಲ್ಲವರು ಐವರು. ನೀರುಗಂಟಿ ಯಾರ ಅಪ್ಪಣೆಯಾದರೂ ಸರಿ, ಸರದಿ ತಪ್ಪಿ ತೂಬು ಎತ್ತಿದರೆ ಹೊರಟುಹೋಗುತ್ತಾನೆ. ಸೂಲಗಿತ್ತಿ ಎರಡೂ ಊರುಗಳ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡವಳು. ಆದ್ದರಿಂದ ಯಾವ ಊರನ್ನು ಬಾಯಾರಲು ಬಿಟ್ಟರೂ ಆಕೆ ನಿಲ್ಲುವುದಿಲ್ಲ. ಡಂಗೂರ ಸಾರುವವನು ಯಾವ ಕಷ್ಟವನ್ನಾದರೂ ಸಹಿಸುತ್ತಾನೆ, ಆದರೆ ಸುಳ್ಳನ್ನು ಸಾರಲಾರ. ಶಾನುಭೋಗನಿಗೆ ಲೆಕ್ಕದ ಕಡತ ಪ್ರಾಣಕ್ಕಿಂತ ಹೆಚ್ಚು, ಕುರಿಗಾಹಿಗೆ ತನ್ನ ಮಂದೆ. ಗಮನಿಸಿ, ಇನ್ನೂ ಯಾರಿಗೂ ಹೆಸರಿಟ್ಟಿಲ್ಲ, ಯಾರ ಕೈಗೂ ಕತ್ತಿ ಕೊಟ್ಟಿಲ್ಲ. ಆದರೂ ನೀರುಗಂಟಿ ಮತ್ತು ಸೂಲಗಿತ್ತಿ ಒಂದೇ ದಾರಿಯಲ್ಲಿ ನಡೆದರೆ ಜಗಳ ಎಲ್ಲಿ ಹುಟ್ಟುತ್ತದೆಂದು ಓದಿದವರಿಗೆಲ್ಲ ತಿಳಿದುಹೋಗಿದೆ.

ಈ ವಿದ್ಯೆಯನ್ನು ಹಳೆಯ ಆಟಗಳು ಚೆನ್ನಾಗಿ ಬಲ್ಲವು. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ಆಟಗಾರನ ಕೀರ್ತಿ ತೀರ ಏರಿದರೆ ದುಷ್ಟ ಸ್ವಭಾವದ ಜೊತೆಗಾರರು ತಂಡ ಬಿಡುತ್ತಾರೆ. ಜಹೀರಾ ಮತ್ತು ಖಾಲಿದ್ ಗಂಡಹೆಂಡತಿಯಾದ್ದರಿಂದ ಒಬ್ಬರನ್ನು ಕಳುಹಿಸಿದರೆ ಇನ್ನೊಬ್ಬರೂ ಹೊರಡುತ್ತಾರೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಯುದ್ಧದಲ್ಲಿ ರಾಜನ ಕೈಬಿಟ್ಟ ಸೇನಾಪತಿ ಲೋಗೇನನ ಜೀವ ಉಳಿಸಿ ಅವನನ್ನು ಪಡೆಗೆ ಸೇರಿಸಿಕೊಂಡರೆ, ಆರಂಭದಿಂದ ಜೊತೆಗಿದ್ದ ಆಲಿಸ್ಟೇರ್ ತಂಡವನ್ನು ತೊರೆಯುತ್ತಾನೆ. ಆ ಅಗಲಿಕೆ ಅನ್ಯಾಯವೆನಿಸುವುದಿಲ್ಲ, ಏಕೆಂದರೆ ಲೋಗೇನನ ಮೇಲೆ ಅವನಿಗಿರುವ ದ್ವೇಷ ಎಂಥದ್ದೆಂಬುದನ್ನು ಆಟ ಮೊದಲಿನಿಂದಲೂ ತೋರಿಸಿರುತ್ತದೆ. ನಿಮ್ಮ ಆಟದಲ್ಲಿಯೂ ಪ್ರತಿಯೊಬ್ಬ ಸಹಚರನ ಸಹನೆಯ ಎಲ್ಲೆಯನ್ನು ಕನಿಷ್ಠ ಎರಡು ಸಲ ಮುಂಚಿತವಾಗಿ ಕಾಣಿಸಿರಿ: ಒಮ್ಮೆ ಅವನ ಬಾಯಿಂದ, ಇನ್ನೊಮ್ಮೆ ಅವನು ಮಾಡುವ ಕೆಲಸದಿಂದ.

ಇನ್ನು ಕಾದಾಟದ ಹಂಚಿಕೆ. 1981ರ ವಿಝಾರ್ಡ್ರಿ ಆಟದಲ್ಲಿ ತಂಡಕ್ಕೆ ಆರು ಜನ; ಮುಂದಿನ ಮೂವರು ಕೈಕೈ ಮಿಲಾಯಿಸಿದರೆ ಹಿಂದಿನ ಮೂವರು ಮಂತ್ರ, ಮದ್ದು ನೋಡಿಕೊಳ್ಳುತ್ತಿದ್ದರು. ಪೆಟ್ಟು ತಡೆಯುವವರು, ಪೆಟ್ಟು ಕೊಡುವವರು, ಗಾಯ ವಾಸಿಮಾಡುವವರು, ಬೀಗ ತೆಗೆಯುವವರು ಎಂಬ ವಿಂಗಡಣೆ ಇಂದಿಗೂ ಉಳಿದಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಗಾಯ ವಾಸಿಮಾಡುವ ವಿದ್ಯೆ ಸೂಲಗಿತ್ತಿಯೊಬ್ಬಳಿಗೇ ಇದ್ದರೆ ಆಟಗಾರ ಆಕೆಯನ್ನು ಎಲ್ಲ ಕಡೆಗೂ ಕರೆದೊಯ್ಯುತ್ತಾನೆ, ಆಕೆಯ ಮಾತು ಅವನಿಗೆ ಹಿಡಿಸಲಿ, ಬಿಡಲಿ. ಅಲ್ಲಿಗೆ ಆಯ್ಕೆ ಎಂಬುದು ಸತ್ತುಹೋಯಿತು. ಆದ್ದರಿಂದ ಅಗತ್ಯವಾದ ಪ್ರತಿಯೊಂದು ಕೆಲಸವನ್ನೂ ಇಬ್ಬರಿಗೆ ಕೊಡಿ, ಬೆಲೆಯನ್ನು ಮಾತ್ರ ಬೇರೆಬೇರೆ ಇಡಿ. ಸೂಲಗಿತ್ತಿಯ ಔಷಧಿ ಪೂರ್ತಿ ವಾಸಿಮಾಡಲಿ, ಆದರೆ ಒಂದು ರಾತ್ರಿ ತಂಗಬೇಕಾಗಲಿ. ಕುರಿಗಾಹಿಯ ಸೊಪ್ಪಿನ ರಸ ಕೂಡಲೇ ರಕ್ತ ನಿಲ್ಲಿಸಲಿ, ಆದರೆ ಮಂದೆಯನ್ನು ಬಿಟ್ಟು ಅವನು ಕೋಟೆಯೊಳಗೆ ಬರದಿರಲಿ.

ಎಷ್ಟು ಜನ ಇರಬೇಕು ಎಂಬ ಪ್ರಶ್ನೆಯಲ್ಲಿ ಹೊಸಬರು ಅತಿಯಾಸೆಗೆ ಬೀಳುತ್ತಾರೆ. ಬಾಲ್ಡರ್ಸ್ ಗೇಟ್‌ನಲ್ಲಿ 25 ಸಹಚರರಿದ್ದರೂ ಆಟಗಾರನೂ ಸೇರಿ ಜಾಗವಿದ್ದದ್ದು ಆರು ಜನಕ್ಕೆ. ಅಷ್ಟು ದೊಡ್ಡ ಬಳಗ ಒಂದಿಬ್ಬರು ಕೂತು ಬರೆದು ಮುಗಿಸುವಂಥದ್ದಲ್ಲ. ಸಹಚರರು ತಮ್ಮತಮ್ಮಲ್ಲಿ ಮಾತಾಡಬೇಕೆಂದರೆ ಐವರಲ್ಲಿ 10 ಜೋಡಿಗಳಾಗುತ್ತವೆ, ಎಂಟು ಜನರಲ್ಲಿ 28, ಹತ್ತು ಜನರಲ್ಲಿ 45. ಐವರನ್ನು ಬರೆದು, ಒಮ್ಮೆಗೆ ಇಬ್ಬರನ್ನು ಮಾತ್ರ ಕರೆದೊಯ್ಯಲು ಬಿಡುವುದು ನನ್ನ ಸಲಹೆ. ಆಗ ತಂಡದ ಪ್ರತಿಯೊಂದು ರೂಪವೂ ಒಂದು ಜೋಡಿಯೇ ಆಗುವುದರಿಂದ, ಆ ಹತ್ತು ಜೋಡಿಗಳಿಗೆ ಮೂರು ಮೂರು ಸಂಭಾಷಣೆ ಬರೆದರೆ ಮೂವತ್ತಕ್ಕೆ ಕೆಲಸ ಮುಗಿಯುತ್ತದೆ. ಜಾಗ ಕಡಿಮೆಯಿರುವುದು ಕೊರತೆಯೆಂದು ತಿಳಿಯಬೇಡಿ. ಯಾರನ್ನು ಬಿಟ್ಟುಹೋಗಬೇಕೆಂದು ಆಟಗಾರ ಬಾಗಿಲಲ್ಲಿ ನಿಂತು ಯೋಚಿಸುವ ಆ ಗಳಿಗೆಯಲ್ಲಿ ಅವನಿಗೆ ಯಾರು ಬೇಕಾದವರೆಂದು ಅವನಿಗೇ ತಿಳಿಯುತ್ತದೆ. ಧೈರ್ಯವಿದ್ದರೆ ಒಬ್ಬನೇ ಸಹಚರ ಸಾಕು. 2019ರ ಡಿಸ್ಕೋ ಎಲಿಸಿಯಮ್‌ನಲ್ಲಿ ಬಹುಪಾಲು ಜೊತೆಯ ಪತ್ತೇದಾರ ಕಿಮ್ ಕಿತ್ಸುರಾಗಿ ಒಬ್ಬರೇ ಜೊತೆಗಿರುತ್ತಾರೆ, ಅವರ ಹುಬ್ಬು ಏರಿದರೆ ಸಾಕು, ಆಟಗಾರನಿಗೆ ತನ್ನ ತಪ್ಪು ಅರಿವಾಗುತ್ತದೆ.

ಸಹಚರರ ಒಲವನ್ನು ಅಂಕಿಯಲ್ಲಿ ಅಳೆಯುವ ಪದ್ಧತಿ ಹಲವು ಆಟಗಳಲ್ಲಿದೆ, ಉಡುಗೊರೆ ಕೊಟ್ಟು ಆ ಅಂಕಿಯನ್ನು ಏರಿಸುವ ದಾರಿಯೂ ಡ್ರ್ಯಾಗನ್ ಏಜ್‌ನಂಥ ಆಟಗಳಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಳಗಿನ ಊರನ್ನು ಒಣಗಿಸಿದವನು ಒಂದು ಸೀರೆ ಕೊಟ್ಟು ಸೂಲಗಿತ್ತಿಯ ಮನಸ್ಸನ್ನು ಗೆದ್ದರೆ ಆ ಪಾತ್ರಕ್ಕೆ ಅವಮಾನ ಮಾಡಿದಂತೆ. ಅಂಕಿ ಒಳಗೆ ಇರಲಿ, ತೆರೆಯ ಮೇಲೆ ಕಾಣದಿರಲಿ. ಒಲವನ್ನು ಕಾಣಿಸಲು ಕನ್ನಡ ಬರೆಯುವವರ ಕೈಯಲ್ಲಿ ಇಂಗ್ಲಿಷಿನವರಿಗಿಲ್ಲದ ಒಂದು ಸಾಧನವಿದೆ, ಅದು ಸಂಬೋಧನೆ. ಶಾನುಭೋಗ ಮೊದಲ ದಿನ ಆಟಗಾರನನ್ನು ‘ತಾವು’ ಎನ್ನಲಿ, ಪರಿಚಯವಾದ ಮೇಲೆ ‘ನೀವು’ ಎನ್ನಲಿ, ಮುನಿದ ದಿನ ಮತ್ತೆ ‘ತಾವು’ ಎಂಬ ದೂರಕ್ಕೆ ಸರಿಯಲಿ. ಸೂಲಗಿತ್ತಿ ಹಿರಿಯಳಾದ್ದರಿಂದ ಮೊದಲಿನಿಂದಲೂ ‘ನೀನು’ ಎಂದೇ ಕರೆಯಲಿ, ನಂಬಿಕೆ ಕುದುರಿದ ದಿನ ‘ಮಗ’ ಎಂಬ ಮಾತು ಸೇರಲಿ. ಆಟಗಾರನಿಗೆ ಯಾವ ಸೂಚನೆಯೂ ಬೇಕಾಗುವುದಿಲ್ಲ. ಆ ಒಂದು ಪದ ತಪ್ಪಿದ್ದನ್ನು ಅವನ ಕಿವಿಯೇ ಹಿಡಿಯುತ್ತದೆ. ಇದಕ್ಕಾಗಿ ಸಂಭಾಷಣೆಯ ಕಡತದಲ್ಲಿ ಪ್ರತಿಯೊಬ್ಬ ಸಹಚರನಿಗೂ ಸಂಬೋಧನೆಯ ಮಟ್ಟ ಎಂಬ ಒಂದು ವೇರಿಯಬಲ್ (ಆಟ ನಡೆದಂತೆ ಬದಲಾಗುವ ಬೆಲೆ) ಇಟ್ಟುಕೊಳ್ಳಿ, ಆದರೆ ಪದವನ್ನಷ್ಟೇ ಬದಲಿಸಿದರೆ ಸಾಲದು, ‘ಬಾ’ ಇದ್ದಲ್ಲಿ ‘ಬನ್ನಿ’ ಆಗಬೇಕಾದ್ದರಿಂದ ಇಡೀ ವಾಕ್ಯವನ್ನೇ ಮಟ್ಟಕ್ಕೊಂದರಂತೆ ಬರೆದಿಡಬೇಕು. ಆಟಗಾರ ಗಂಡೋ ಹೆಣ್ಣೋ ಆಗಬಹುದಾದ ಆಟದಲ್ಲಿ, ಸಹಚರರು ಅವರ ಬಗ್ಗೆ ತಮ್ಮತಮ್ಮಲ್ಲಿ ಆಡಿಕೊಳ್ಳುವಾಗ ‘ಬಂದ’, ‘ಬಂದಳು’ ಎರಡನ್ನೂ ಬರೆಯಬೇಕಾಗುತ್ತದೆ. ಗೌರವದ ‘ಬಂದರು’ ಹೊಂದುವ ಬಾಯಿಗಳಿಗೆ ಅದನ್ನೇ ಕೊಟ್ಟು ಕೆಲಸ ಉಳಿಸಬಹುದು.

ಉಪಕರಣದ ವಿಷಯದಲ್ಲಿ ಒಂದೇ ಎಚ್ಚರಿಕೆ: ಆಟ ಕಟ್ಟುವ ತಂತ್ರಾಂಶವಾದ ಗೋಡೋ ಎಂಜಿನ್ ಬಳಸುವುದಾದರೆ 2023ರಲ್ಲಿ ಬಂದ 4ನೇ ಆವೃತ್ತಿ ಅಥವಾ ಅದರ ನಂತರದ್ದನ್ನು ಬಳಸಿ, ಹಳೆಯ 3ರಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ.

ಬರೆದದ್ದು ಸರಿಯಿದೆಯೇ ಎಂದು ನೋಡಲು ಚಿತ್ರ, ಸಂಗೀತ ಯಾವುದೂ ಸಿದ್ಧವಾಗಿರಬೇಕಿಲ್ಲ. ಹಾರ್ಮೋನಿಯಂ ಮಾಸ್ತರರು ನಾಟಕದ ಪ್ರಾಕ್ಟೀಸಿನಲ್ಲಿ ಮಾಡಿಸುವಂತೆ ಐದು ಜನರನ್ನು ಸುತ್ತ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರದ ಹಾಳೆ ಕೊಡಿ, ಆರನೆಯವರನ್ನು ಆಟಗಾರನ ಜಾಗದಲ್ಲಿ ಕೂರಿಸಿ ತೂಬಿನ ಪ್ರಶ್ನೆಯನ್ನು ಮುಂದಿಡಿ. ಯಾರ ಹೆಸರು ಮುಚ್ಚಿ ಓದಿದರೂ ಅದು ಇಂಥವರ ಮಾತೆಂದು ತಿಳಿಯುತ್ತದೆಯೇ, ಕೇಳಿ ನೋಡಿ. ತಿಳಿಯದ ಪಾತ್ರದ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು, ಅದು ರಥ ಇಳಿಯುವ ಕಾರಣದಿಂದಲೇ ಮತ್ತೆ ಬರೆಯಲು ತೊಡಗಿ.