ಹೊಳೆಯಲ್ಲಿ ಮುರು ಮೀನು: ಮಳೆ ಬರುವ ಮೊದಲೇ ಮಾರಿದ ನನ್ನ ಅನುಭವ

ಬೈಂದೂರು ಕಡೆಯ ಹೊಳೆಗಳಲ್ಲಿ ಮೀನು ಸಾಕಲು ಬಲೆಯ ಪಂಜರ ಹಾಕಿದವರು ಹೆಚ್ಚಾಗಿ ಸೀಬಾಸ್, ಕೆಂಬೇರಿಗೇ (ರೆಡ್ ಸ್ನ್ಯಾಪರ್) ಹೋಗುವುದು. ನಾನು ಮುರು ಮೀನು (ಗ್ರೂಪರ್) ಹಾಕುತ್ತೇನೆ ಎಂದಾಗ ‘ಒಂದು ಮಳೆಗಾಲ ಬರಲಿ, ಗೊತ್ತಾಗ್ತದೆ’ ಎಂದವರೇ ಬಹಳ. ಮಾತು ಸುಳ್ಳಲ್ಲ. ಮಳೆಯ ಕೆಂಪು ನೀರು ಹೊಳೆಗೆ ಇಳಿದು ಉಪ್ಪು ಲೀಟರಿಗೆ 10 ಗ್ರಾಂಗಿಂತ ಕೆಳಗೆ ಬಂತೆಂದರೆ ಮುರು ತಿನ್ನುವುದು ಬಿಡುತ್ತದೆ, ಆಮೇಲೆ ಒಂದೊಂದೇ ಮಗುಚುತ್ತದೆ. ಮೊದಲ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಅರ್ಧ ಕಿಲೋ ದಾಟದ ಮೀನು, ಮುಕ್ಕಾಲು ಪಾಲು ಹೋಯಿತು. ಸುಮಾರು 30 ಸಾವಿರ ನೀರುಪಾಲು.

ಆದರೆ ಮುರುವನ್ನು ಮಳೆಯಲ್ಲಿ ಉಳಿಸಲೇಬೇಕು ಎಂದು ಯಾರು ಹೇಳಿದ್ದು? ಅಕ್ಟೋಬರ್‌ನಲ್ಲಿ ಹೊಳೆ ತಿಳಿಯಾದ ಮೇಲೆ ಹಾಕಿ, ಮೇ ಮೊದಲ ವಾರದೊಳಗೆ ಮಾರಿಬಿಡಬೇಕು. ಎರಡಿಂಚಿನ ಮರಿಯಿಂದ ಇದು ಆಗುವ ಕೆಲಸವಲ್ಲ. ನಾನು ಗಾಳದವರ ಹತ್ತಿರ 150-200 ಗ್ರಾಂನದ್ದನ್ನೇ ಕೊಳ್ಳುತ್ತೇನೆ, ಕಳೆದ ಸಲ ಒಂದಕ್ಕೆ 80 ರೂಪಾಯಿ ಆಚೀಚೆ ಬಿತ್ತು. ಗಾಳ ನುಂಗಿದ್ದು ಬೇಡ, ತುಟಿಗೆ ಸಿಕ್ಕಿದ್ದು ಮಾತ್ರ. 2 ಮೀಟರ್ ಉದ್ದ, ಅಗಲ, ಆಳದ ಪಂಜರಕ್ಕೆ 120ರ ಮೇಲೆ ಹಾಕುವುದಿಲ್ಲ.

ಗಾತ್ರ ಬೇರ್ಪಡಿಸುವುದರಲ್ಲಿ ಸೋಮಾರಿತನ ಸಲ್ಲದು. ಒಂದರ ಬಾಯಿಂದ ಇನ್ನೊಂದರ ಬಾಲ ಹೊರಗೆ ಚಾಚಿಕೊಂಡು, ನುಂಗಿದ್ದೂ ಸತ್ತು, ನುಂಗಿಸಿಕೊಂಡದ್ದೂ ಸತ್ತು ತೇಲುತ್ತವೆ. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಒಳಗೆ ಇಳಿಬಿಟ್ಟ ಮೇಲೆ ಕಚ್ಚಾಟ ಬಹಳ ಕಡಿಮೆಯಾಯಿತು. ಮೈಗೆ ಹುಳು ಹಿಡಿದರೆ ಐದಾರು ನಿಮಿಷ ಸಿಹಿನೀರಿನ ಟಬ್ಬಿಗೆ ಬಿಡಿ. ಅಲ್ಲಿಯವರೆಗೆ ಕಣ್ಣಿಗೇ ಕಾಣದ ಹುಳುಗಳು ಬೆಳ್ಳಗಾಗಿ ಉದುರುವುದನ್ನು ನೋಡಬಹುದು.

ತಿನಿಸು ಬೂತಾಯಿ (ಸಾರ್ಡೀನ್ ಮೀನು). ಮುರು ಇಳಿಯುವ ತುಂಡನ್ನು ಹಾರಿ ಹಿಡಿಯುತ್ತದೆ, ತಳಕ್ಕೆ ಬಿದ್ದದ್ದನ್ನು ಹೆಕ್ಕುವುದು ಕಡಿಮೆ. ಬುಟ್ಟಿಯಲ್ಲಿ ಸುರಿದರೆ ಏಡಿಗಳನ್ನು ಸಾಕಿದ ಹಾಗೆ. ಹಿಡಿಹಿಡಿಯಾಗಿ ಹಾಕಿದರೂ ಒಂದು ಕಿಲೋ ಮೀನು ಬೆಳೆಯಲು ಆರು ಕಿಲೋ ಬೂತಾಯಿ ಬೇಕೇ ಬೇಕು. ವಾರದಲ್ಲಿ ಎಂದು ಉಪವಾಸ ಹಾಕುತ್ತೇನೆ, ಬೂತಾಯಿಗೆ ಏನು ಸೇರಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಪೆಲೆಟ್, ಅಂದರೆ ಕಂಪನಿಯ ಗುಳಿಗೆ ತಿನಿಸು ಕೂಡ ನೋಡಿದೆ. ಹೊಳೆಯಲ್ಲಿ ಹಿಡಿದ ಮರಿ ಮೂಸಿಯೂ ನೋಡಲಿಲ್ಲ. ವಿಶಾಖಪಟ್ಟಣದಲ್ಲಿ ಸಿಎಂಎಫ್‌ಆರ್‌ಐನವರು (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಮುರು ಮರಿ ಮಾಡಿದ್ದಾರೆ, ಅಂಥ ಹ್ಯಾಚರಿ ಮರಿ ದೊಡ್ಡ ಗಾತ್ರದಲ್ಲಿ ಸಿಕ್ಕರೆ ಪೆಲೆಟ್ಟಿಗೆ ಒಗ್ಗಿಸಬಹುದು. ಪಕ್ಕದ ಪಂಜರದಲ್ಲಿ ಬಿಟ್ಟ ಕೆಂಬೇರಿ ಮಾತ್ರ ಜುಲೈ ಸಿಹಿನೀರಿನಲ್ಲೂ ಆರಾಮಾಗಿತ್ತು. ಮಳೆಗಾಲಕ್ಕೆ ಪಂಜರ ಖಾಲಿ ಬಿಡಬೇಕಾಗಿಲ್ಲ.

ಕಳೆದ ಸಲ ಸರಾಸರಿ 900 ಗ್ರಾಂ ಬಂತು. ಒಬ್ಬ ವ್ಯಾಪಾರಿ ಐಸ್ ಹಾಕಿದ ಮೀನಿನ ಲೆಕ್ಕದಲ್ಲಿ ಕಿಲೋಗೆ 280 ರೂಪಾಯಿ ಎಂದ. ನಾನು ಹೋಟೆಲುಗಳಿಗೆ ಹತ್ತು ಹದಿನೈದು ಕಿಲೋದಂತೆ ಜೀವಂತ ಕೊಟ್ಟು 400ರ ಮೇಲೆ ಎತ್ತಿದೆ. ಎಲ್ಲ ಕಳೆದು ಪಂಜರಕ್ಕೆ 12-14 ಸಾವಿರ ಉಳಿಯಿತು.

ಮುರ್ಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಬಂಡೆಗಳ ದೊಡ್ಡ ಮುರುಗಳನ್ನು ಗಾಳದವರು ಬಿಟ್ಟರೆ ಒಳ್ಳೆಯದು. ಮುರು ಮೊದಲು ಹೆಣ್ಣು, ದೊಡ್ಡದಾದ ಮೇಲೆಯೇ ಗಂಡು. ದೊಡ್ಡದನ್ನೆಲ್ಲ ಎತ್ತಿದರೆ ಹೊಳೆಗೆ ಮರಿ ಎಲ್ಲಿಂದ ಬರಬೇಕು? ಈಗಲೇ ಮರಿಯ ಬೆಲೆ 100 ದಾಟಿದೆ, ಅಂದು ಬೇಡ ಎಂದವರೂ ಕೊಳ್ಳಲು ನಿಂತಿದ್ದಾರೆ. ಬೇಕಾದವರು ಸೆಪ್ಟೆಂಬರಿಗೇ ಗಾಳದವರ ಹತ್ತಿರ ಮಾತಾಡಿಟ್ಟುಕೊಳ್ಳಿ.