ಮೊಲಕ್ಕೊಂದು ಜೋಡಿ: ಗೂಡಿಗೆ ಬಿಡುವ ಮುಂಚೆ ಬಚ್ಚಲುಮನೆ ಖಾಲಿ ಮಾಡಿ

ಕೊಡಗಿನ ಮನೆಗಳಿಗೆ ಮೊಲ ಬರುವುದು ಹೆಚ್ಚಾಗಿ ಒಂಟಿಯಾಗಿ. ಮಕ್ಕಳು ಹಠ ಹಿಡಿದರೆಂದು, ಇಲ್ಲವೇ ಪಕ್ಕದ ತೋಟದವರ ಗೂಡಿನಲ್ಲಿ ಮರಿ ಹೆಚ್ಚಾಯಿತೆಂದು. ಒಂದಷ್ಟು ದಿನ ಮುದ್ದೋ ಮುದ್ದು. ಆಮೇಲೆ ಮಕ್ಕಳಿಗೆ ಪರೀಕ್ಷೆ, ದೊಡ್ಡವರಿಗೆ ಕಾಫಿ ಕುಯ್ಲು. ಮೊಲ ಗೂಡಿನ ಮೂಲೆ ಹಿಡಿದು ಸರಳು ಕಡಿಯುತ್ತ ಕೂರುತ್ತದೆ. ಮನೆಗೆ ಬಂದ ಯಾರೋ ‘ಪಾಪ, ಅದಕ್ಕೊಂದು ಜೋಡಿ ತನ್ನಿ’ ಅನ್ನುತ್ತಾರೆ. ಸಲಹೆ ಸರಿಯೇ. ಮೊಲ ಗುಂಪಿನಲ್ಲಿ ಬದುಕುವ ಪ್ರಾಣಿ. ಚೆನ್ನಾಗಿ ನೋಡಿಕೊಂಡರೆ 8ರಿಂದ 10 ವರ್ಷ ಇರುತ್ತದೆ. ಅಷ್ಟೂ ಕಾಲ ಒಂಟಿಯಾಗಿ ಇಡುವುದು ಅನ್ಯಾಯ.

ಎಡವಟ್ಟಾಗುವುದು ಇಲ್ಲಿಂದ ಮುಂದೆ. ಹೊಸ ಮೊಲವನ್ನು ತಂದವರು ಅದನ್ನು ನೇರ ಹಳೆಯದರ ಗೂಡಿಗೆ ಬಿಟ್ಟು, ಬಾಗಿಲು ಹಾಕಿ, ‘ಹೊಂದಿಕೊಳ್ತವೆ ಬಿಡಿ’ ಎಂದು ಒಳಗೆ ಹೋಗುತ್ತಾರೆ. ಸಂಜೆ ನೋಡಿದರೆ ಗೂಡಿನ ತುಂಬ ಕಿತ್ತ ತುಪ್ಪಳ, ಒಂದರ ಕಿವಿ ಹರಿದಿದೆ, ಇನ್ನೊಂದು ಹೊಟ್ಟೆಯ ಕೆಳಗೆ ಕಚ್ಚಿಸಿಕೊಂಡು ಮುದುಡಿ ಕೂತಿದೆ. ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ. ಮೊಲಕ್ಕೆ ತನ್ನ ಜಾಗದ ಮೇಲೆ ವಿಪರೀತ ಹಕ್ಕು. ಗಲ್ಲವನ್ನು ಸಾಮಾನುಗಳಿಗೆಲ್ಲ ಉಜ್ಜಿ, ಹಿಕ್ಕೆ ಉದುರಿಸಿ, ‘ಇದು ನನ್ನದು’ ಎಂದು ಗುರುತು ಹಾಕಿದ ಮನೆಗೆ ಅಪರಿಚಿತ ಮೊಲ ಬಂದರೆ ಅದರ ಲೆಕ್ಕದಲ್ಲಿ ಅದು ಅತಿಕ್ರಮಣ.

ಮೊದಲಿಗೆ ಒಂದು ಎಚ್ಚರಿಕೆ. ತೋಟದಲ್ಲಿ ಕಳೆ ತೆಗೆಯುವಾಗ ಸಿಕ್ಕ ಕಾಡುಮೊಲದ ಮರಿಯನ್ನು ‘ಹೇಗೂ ಜೋಡಿ ಬೇಕಿತ್ತು’ ಎಂದು ಮನೆಗೆ ತರಬೇಡಿ. ಅದರ ಜಾತಿಯೇ ಬೇರೆ, ಸಾಕುಮೊಲದ ಜೊತೆ ಕೂಡುವುದಿಲ್ಲ. ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತಾಯಿ ಹಗಲಿಡೀ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಇರುವುದು ಅವುಗಳ ಪದ್ಧತಿ. ಒಂಟಿಯಾಗಿ ಕಂಡ ಮರಿ ಅನಾಥವಲ್ಲ, ಅಲ್ಲೇ ಬಿಡಿ.

ಗಂಡೋ ಹೆಣ್ಣೋ, ಆಪರೇಷನ್ನೋ

‘ಎರಡೂ ಹೆಣ್ಣೇ ಅಕ್ಕ, ನಂದು ಗ್ಯಾರಂಟಿ’ ಎಂದು ಮಾರುವವನು ಹೇಳುತ್ತಾನೆ. ಮರಿಗಳಲ್ಲಿ ಗಂಡು-ಹೆಣ್ಣು ಗುರುತಿಸುವುದು ಪಳಗಿದವರಿಗೂ ತಪ್ಪುತ್ತದೆ, ಅವನ ಗ್ಯಾರಂಟಿ ನಂಬಬೇಡಿ. ಮೊಲದ ಗರ್ಭ ಸುಮಾರು 31 ದಿನದ್ದು, ಮರಿ ಹಾಕಿದ ದಿನವೇ ಅದು ಮತ್ತೆ ಗಬ್ಬವಾಗಬಲ್ಲದು. ಎರಡು ಮೊಲ ತಂದ ಮನೆಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಹದಿನೈದು ಮೊಲ ಇರುವುದು ಹೀಗೆ.

ಎಲ್ಲಕ್ಕಿಂತ ಸುಲಭವಾಗಿ ಕೂಡುವ ಜೋಡಿ ಮರಿಯಾಗದಂತೆ ಆಪರೇಷನ್ ಆದ ಒಂದು ಗಂಡು, ಆಪರೇಷನ್ ಆದ ಒಂದು ಹೆಣ್ಣು. ನನ್ನ ಕೇಳಿದರೆ ಬೇರೆ ಜೋಡಿಯ ಗೋಜಿಗೇ ಹೋಗಬೇಡಿ. ಒಂದೇ ಸೂಲಿನ ಮರಿಗಳು ಚಿಕ್ಕಂದಿನಲ್ಲಿ ಒಂದರ ಮೇಲೊಂದು ಬಿದ್ದು ಮಲಗಿದ್ದನ್ನು ನೋಡಿ ಮೋಸ ಹೋಗುವವರೇ ಹೆಚ್ಚು. 4–5 ತಿಂಗಳಾಗಿ ಬೆದೆ ಬಂದ ಮೇಲೆ ಅಣ್ಣ-ತಮ್ಮಂದಿರೂ ಅಕ್ಕ-ತಂಗಿಯರೂ ರಕ್ತ ಬರುವಂತೆ ಕಾದಾಡುತ್ತವೆ. ಆಪರೇಷನ್ ಆಗದ ಹೆಣ್ಣುಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಕೂಡ ಬಹಳ ಸಾಮಾನ್ಯ. ಗಂಡಿಗೆ ಆಪರೇಷನ್ ಆದ ಮೇಲೂ 4ರಿಂದ 6 ವಾರ ಬೀಜಶಕ್ತಿ ಉಳಿದಿರುತ್ತದೆ, ಅಲ್ಲಿಯವರೆಗೆ ಹೆಣ್ಣಿನ ಹತ್ತಿರ ಬಿಡಬೇಡಿ.

ಎಲ್ಲ ಪಶುವೈದ್ಯರೂ ಮೊಲಕ್ಕೆ ಆಪರೇಷನ್ ಮಾಡುವುದಿಲ್ಲ. ಕೆಲವೊಮ್ಮೆ ಮೈಸೂರಿಗೇ ಹೋಗಬೇಕಾದೀತು. ಫೋನ್ ಮಾಡಿದಾಗ ‘ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ’ ಎಂದರೆ ಅವರ ಮನಸ್ಸಿನಲ್ಲಿರುವುದು ನಾಯಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಅದರ ಕರುಳಿನ ಚಲನೆಯೇ ನಿಲ್ಲಬಹುದು. ನಯವಾಗಿ ನಮಸ್ಕಾರ ಹೇಳಿ ಬೇರೆಯವರನ್ನು ಹುಡುಕಿ.

ಜಾಲರಿಯ ಆಚೆ-ಈಚೆ

ಹೊಸ ಮೊಲವನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ಕಿವಿಹುಳ, ಕಜ್ಜಿ, ಸೀನು ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಮೈಯಲ್ಲಿ ರಕ್ತ ಹೀರುವ ಉಣ್ಣೆಹುಳ ಕಂಡರೆ ಅಂಗಡಿಯಲ್ಲಿ ನಾಯಿಗೆಂದು ಕೊಡುವ ಹನಿ ಔಷಧಿ ಹಾಕಬೇಡಿ. ಅದರಲ್ಲಿ ಫಿಪ್ರೊನಿಲ್ ಇದ್ದರೆ ಮೊಲದ ಜೀವಕ್ಕೇ ಅಪಾಯ.

ಆಮೇಲೆ ಎರಡಕ್ಕೂ ಅಕ್ಕಪಕ್ಕ ಪ್ರತ್ಯೇಕ ಗೂಡು. ನಡುವೆ ಎರಡು-ಮೂರು ಇಂಚು ಸಂದು ಇರಲಿ. ಜಾಲರಿಗೆ ಜಾಲರಿ ತಾಗಿಸಿಟ್ಟರೆ ಮೂಗಿನ ತುದಿ ಕಚ್ಚಿಸಿಕೊಳ್ಳುತ್ತವೆ. ಹುಲ್ಲು, ಸೊಪ್ಪನ್ನು ಎರಡೂ ಕಡೆ ಜಾಲರಿಯ ಹತ್ತಿರವೇ ಇಡಿ, ಎದುರುಬದುರು ಕೂತು ತಿನ್ನುವುದು ರೂಢಿಯಾಗಲಿ. ಮಲಗುವ ಬಟ್ಟೆ, ಹಿಕ್ಕೆ ಹಾಕುವ ತಟ್ಟೆಯನ್ನು ದಿನಾ ಅದಲುಬದಲು ಮಾಡಿ. ವಾರ ಕಳೆದ ಮೇಲೆ ಗೂಡನ್ನೇ ಬದಲಿಸಿ, ಇದರಲ್ಲಿ ಅದು, ಅದರಲ್ಲಿ ಇದು.

ಜಾಲರಿಯತ್ತ ನುಗ್ಗುವುದು, ಬಾಲ ಮೇಲೆತ್ತಿ ಕಿವಿ ಹಿಂದಕ್ಕೆ ಒರಗಿಸಿ ಗುರ್ ಅನ್ನುವುದು ಇರುವ ತನಕ ಮುಂದೆ ಹೋಗಬೇಡಿ. ಒಂದರ ಪಕ್ಕ ಇನ್ನೊಂದು ಕಾಲು ಚಾಚಿ ಮಲಗತೊಡಗಿದರೆ, ಇಲ್ಲವೇ ‘ನೀನು ಯಾರೋ’ ಎಂಬಂತೆ ತನ್ನ ಪಾಡಿಗೆ ಮೈ ನೆಕ್ಕಿಕೊಳ್ಳತೊಡಗಿದರೆ ಸಮಯ ಬಂತು. ಕೆಲವಕ್ಕೆ ಇದಕ್ಕೆ ಎರಡು ವಾರ, ಕೆಲವಕ್ಕೆ ಎರಡು ತಿಂಗಳು.

ಮುಖಾಮುಖಿ

ಎಲ್ಲ ಕೆಡುವುದೂ ಎಲ್ಲ ಕೂಡುವುದೂ ಈ ಹಂತದಲ್ಲಿ. ಜಾಗ ಎರಡರದ್ದೂ ಆಗಿರಬಾರದು, ಹಿಂದೆಂದೂ ಅವು ಕಾಲಿಟ್ಟಿರಬಾರದು. ನಮ್ಮ ಕಡೆ ಹೇಳಿ ಮಾಡಿಸಿದ ಜಾಗ ಬಚ್ಚಲುಮನೆ. ಹಂಡೆಯ ಒಲೆ ಪೂರ್ತಿ ಆರಿರಬೇಕು, ಹಂಡೆಗೂ ಗೋಡೆಗೂ ನಡುವಿನ ಸಂದಿಗೆ, ಸೌದೆ ರಾಶಿಯ ಹಿಂದಕ್ಕೆ ಹಲಗೆ ಅಡ್ಡ ಇಡಿ. ಅಲ್ಲಿಗೆ ನುಗ್ಗಿದ ಮೊಲವನ್ನು ಹೊರಗೆ ತೆಗೆಯುವಷ್ಟರಲ್ಲಿ ಇನ್ನೊಂದು ಅದನ್ನು ಮೂಲೆಗೊತ್ತಿ ಕಚ್ಚಿರುತ್ತದೆ. ನೆಲ ಜಾರಿದರೆ ಮೊಲ ಗಾಬರಿಯಾಗುತ್ತದೆ, ಗಾಬರಿಯಾದ ಮೊಲ ಕಚ್ಚುತ್ತದೆ. ಹಾಗಾಗಿ ಗೋಡೆಯಿಂದ ಗೋಡೆಗೆ ಹಳೆಯ ಜಮಖಾನ ಹಾಸಿ. ಎರಡು ಕಡೆ ಹುಲ್ಲು, ಎರಡು ಬಟ್ಟಲು ನೀರು. ಅಡಗುವ ಪೆಟ್ಟಿಗೆ ಇಟ್ಟರೆ ಅದಕ್ಕೆ ಎರಡು ಬಾಗಿಲು ಇರಲೇಬೇಕು. ಅಂಗಳದಲ್ಲಿ ಮಾಡುತ್ತೇನೆ ಅನ್ನುವವರಿಗೆ ನನ್ನ ಉತ್ತರ: ‘ಬೇಡ’. ನಾಯಿ, ಹದ್ದು, ಮಳೆಗಾಲವಾದರೆ ಜಿಗಣೆ.

ನಿಮ್ಮ ಕೈಯಲ್ಲಿ ದಪ್ಪ ಗ್ಲೌಸ್ ಮತ್ತು ಒಂದು ಮೊರ ಇರಲಿ. ಹೌದು, ಅಕ್ಕಿ ಕೇರುವ ಮೊರವೇ. ಜಗಳ ಹತ್ತಿದಾಗ ಎರಡರ ನಡುವೆ ಅದನ್ನು ಇಳಿಸಿದರೆ ಸಾಕು, ಒಂದಕ್ಕೊಂದು ಕಾಣುವುದಿಲ್ಲ. ಬರಿಗೈ ಹಾಕಿದರೆ ಹೊಲಿಗೆ ಹಾಕಿಸಿಕೊಳ್ಳಬೇಕಾದೀತು. ಸ್ಪ್ರೇ ಬಾಟಲಿಯಿಂದ ನೀರು ಚಿಮ್ಮಿಸಿ ಎಂದು ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ನೀರಿಗೂ ಎದುರಿನ ಮೊಲವೇ ಕಾರಣ ಎಂದು ಅದು ತಿಳಿದರೆ ಮಾಡಿದ್ದೆಲ್ಲ ವ್ಯರ್ಥ.

ಎರಡನ್ನೂ ಒಟ್ಟಿಗೇ ಒಳಗೆ ಬಿಡಿ. ಮೊದಲ ದಿನ 10 ನಿಮಿಷ ಸಾಕು. ಒಂದನ್ನೊಂದು ಕಣ್ಣೆತ್ತಿಯೂ ನೋಡದೆ ಎರಡೂ ಹುಲ್ಲು ತಿನ್ನುತ್ತಿದ್ದರೆ ಅದೇ ದೊಡ್ಡ ಗೆಲುವು. ಏನೂ ಆಗುತ್ತಿಲ್ಲವೆಂದು ಹತ್ತಿರ ತಳ್ಳಬೇಡಿ. ಒಂದು ಇನ್ನೊಂದರ ಬೆನ್ನೇರುತ್ತದೆ; ಹೆಣ್ಣೂ ಏರುತ್ತದೆ, ಆಪರೇಷನ್ ಆದದ್ದೂ ಏರುತ್ತದೆ. ಇಲ್ಲಿ ಯಜಮಾನರು ಯಾರು ಎಂಬುದರ ತೀರ್ಮಾನ ನಡೆಯುತ್ತಿದೆ ಅಷ್ಟೆ. ಕೆಳಗಿದ್ದದ್ದು ಸುಮ್ಮನಿದ್ದರೆ ಹತ್ತು-ಹದಿನೈದು ಸೆಕೆಂಡು ಬಿಟ್ಟು ಮೆಲ್ಲಗೆ ಇಳಿಸಿ. ತಲೆಯ ಕಡೆಯಿಂದ ಏರಿದರೆ ಮಾತ್ರ ಕ್ಷಣವೂ ಬಿಡಬಾರದು, ಕೆಳಗಿನದು ಮರ್ಮಸ್ಥಾನವನ್ನೇ ಕಚ್ಚಿಬಿಡುತ್ತದೆ. ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಹೋಗುವುದು, ಬಾಯಲ್ಲಿ ಒಂದು ಎಳೆ ತುಪ್ಪಳ ಸಿಗುವುದು ಮಾಮೂಲು. ಒಂದು ಓಡುತ್ತಲೇ ಇದ್ದರೆ, ಇನ್ನೊಂದು ಬೆನ್ನು ಬಿಡದಿದ್ದರೆ ಮೊರ ಇಳಿಸಿ.

ಎರಡೂ ಒಂದರ ಸುತ್ತ ಒಂದು ಗಿರಗಿರ ಸುತ್ತಲು ಶುರು ಮಾಡಿ, ಪರಸ್ಪರ ಬಾಲದ ಕಡೆಗೆ ಬಾಯಿ ಹಾಕಿದರೆ ನಿಮಗಿರುವುದು ಒಂದೆರಡು ಸೆಕೆಂಡು. ಬಿಡಿಸಿ, ಬೇರೆ ಬೇರೆ ಮಾಡಿ, ತುಪ್ಪಳದ ಒಳಗೆ ಬೆರಳಾಡಿಸಿ ಇಡೀ ಮೈ ನೋಡಿ. ಕಚ್ಚಿದ ತೂತು ಮೇಲಿಂದ ಕಾಣುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತರೆ ಮರುದಿನವೇ ಹುಳ. ಅಂಥ ಜಗಳವಾದರೆ ಕೆಲವು ದಿನ ಮತ್ತೆ ಜಾಲರಿಯ ಆಚೆ-ಈಚೆ.

ಸಣ್ಣಪುಟ್ಟ ಕಿತ್ತಾಟವಾದ ಕೂಡಲೇ ಎತ್ತಿಕೊಂಡು ಹೊರಡಬೇಡಿ. ಹಾಗೆ ಮಾಡಿದರೆ ‘ಜಗಳ ಆಡಿದರೆ ಮನೆಗೆ ಹೋಗಬಹುದು’ ಎಂಬುದೇ ಅವಕ್ಕೆ ಪಾಠ. ಎರಡೂ ಶಾಂತವಾಗಿ ಒಂದು ಎಸಳು ಕೊತ್ತಂಬರಿ ತಿನ್ನುವವರೆಗೆ ಕಾದು ಆಮೇಲೆ ಎತ್ತಿ. ಕ್ರಮೇಣ ಒಂದು ತಲೆ ತಗ್ಗಿಸಿ ಇನ್ನೊಂದರ ಗಲ್ಲದ ಕೆಳಗೆ ಇಡುತ್ತದೆ. ‘ನನ್ನ ಹಣೆ ನೆಕ್ಕು’ ಎಂಬ ಕೋರಿಕೆ ಅದು. ಎರಡೂ ತಗ್ಗಿಸಿ, ಯಾವುದೂ ನೆಕ್ಕದೆ, ಮೊದಲು ನೀನು ಎಂದು ಬಿಗುಮಾನದಲ್ಲಿ ಕೂತುಬಿಡುವುದೂ ಉಂಟು. ಆಗ ನಿಮ್ಮ ಎರಡೂ ಕೈಯಿಂದ ಎರಡರ ಹಣೆಯನ್ನೂ ಸವರಿ. ಮಾಡಿದ್ದು ಎದುರಿನದೇ ಎಂದುಕೊಂಡರೆ ಒಳ್ಳೆಯದೇ.

ಅಡ್ಡದಾರಿಗಳ ಬಗ್ಗೆ ಒಂದು ಮಾತು. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಕಾರಿನಲ್ಲಿ ಸುತ್ತಿಸಿದರೆ ಬೇಗ ಕೂಡುತ್ತವೆ ಎನ್ನುವವರಿದ್ದಾರೆ. ಮಡಿಕೇರಿ ಘಾಟಿಯ ತಿರುವುಗಳಲ್ಲಿ ಅವು ಅಂಟಿಕೊಂಡು ಕೂರುವುದು ಪ್ರಾಣಭಯಕ್ಕೆ. ಭಯ ಇಳಿದ ಮೇಲೆ ಸ್ನೇಹವೂ ಇಳಿಯುತ್ತದೆ, ಹೆದರಿದ ಮೊಲ ಊಟ ಬಿಡುವ ಅಪಾಯ ಬೇರೆ. ಹಣೆಗೆ ಬಾಳೆಹಣ್ಣು ಸವರುವ ಉಪಾಯವೂ ನನಗೆ ಹಿಡಿಸಿಲ್ಲ. ನೆಕ್ಕುತ್ತ ನೆಕ್ಕುತ್ತ ರುಚಿ ಹತ್ತಿ ಕಚ್ಚುತ್ತವೆ.

10 ನಿಮಿಷ ಅರ್ಧ ಗಂಟೆಯಾಗಲಿ, ಅರ್ಧ ಗಂಟೆ ಅರ್ಧ ದಿನವಾಗಲಿ. ಎರಡು ಹಗಲು ಎರಡು ರಾತ್ರಿ ಅಟ್ಟುವುದು-ಕಚ್ಚುವುದು ಇಲ್ಲದೆ ಕಳೆದರೆ ಗೂಡಿನ ಕೆಲಸಕ್ಕೆ ಕೈ ಹಾಕಿ. ಹಳೆಯ ಗೂಡನ್ನು ವಿನೆಗರ್ ನೀರಿನಲ್ಲಿ ಉಜ್ಜಿ ತೊಳೆದು, ಒಳಗಿನ ಸಾಮಾನುಗಳ ಜಾಗ ಬದಲಿಸಿ, ಎರಡನ್ನೂ ಒಟ್ಟಿಗೆ ಬಿಡಿ. ಏನು ಮಾಡಿದರೂ ಕೂಡದ ಜೋಡಿಗಳಿವೆ. ಅವನ್ನು ಜಾಲರಿಯ ಆಚೆ-ಈಚೆ ಇಟ್ಟೇ ಸಾಕಿ, ಒಂಟಿತನಕ್ಕಿಂತ ಅದು ಎಷ್ಟೋ ವಾಸಿ.

ಗೂಡು, ಆಟ, ಹುಲ್ಲು

ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯವರು ಎರಡು ಮೊಲಕ್ಕೆ ಹೇಳುವ ಅಳತೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಮಾಂಸಕ್ಕೆ ಸಾಕುವವರ ತಂತಿ ತಳದ ಗೂಡನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಪಾದಕ್ಕೆ ಹುಣ್ಣಾಗುತ್ತದೆ. ಅಷ್ಟು ದೊಡ್ಡ ಗೂಡು ಮಾಡಿಸಲಾಗದಿದ್ದರೆ ಜಗಲಿಯ ಒಂದು ತುದಿಗೆ ಜಾಲರಿ ಹೊಡೆಸಿ. ತೋಟದ ಮನೆಯಾದರೆ ರಾತ್ರಿ ಒಳಗೇ ಇರಲಿ, ಕಾಡುಬೆಕ್ಕಿಗೆ ಸಡಿಲ ಜಾಲರಿ ಲೆಕ್ಕಕ್ಕಿಲ್ಲ.

ಆಟಿಕೆಗೆ ದುಡ್ಡು ಸುರಿಯಬೇಡಿ. ಟೇಪು-ಪಿನ್ನು ಕಿತ್ತ ರಟ್ಟಿನ ಪೆಟ್ಟಿಗೆ, ಬಣ್ಣ ಹಚ್ಚದ ಹಳೆಯ ಬಿದಿರು ಬುಟ್ಟಿ, ಕೆರೆಯಲು ಒಂದು ಟ್ರೇ ಮಣ್ಣು, ಕಡಿಯಲು ಸೀಬೆ ಕಡ್ಡಿ. ತಿನ್ನುವುದನ್ನು ಬಟ್ಟಲಿಗೆ ಸುರಿಯುವ ಬದಲು ಹುಲ್ಲಿನೊಳಗೆ ಅಡಗಿಸಿಟ್ಟರೆ ಹುಡುಕುವುದೇ ಅವಕ್ಕೆ ಆಟ. ಅವು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆ. ಮಧ್ಯಾಹ್ನ ಎಬ್ಬಿಸಿ ಆಡಿಸುವ ಅಗತ್ಯವಿಲ್ಲ. ಇದ್ದಕ್ಕಿದ್ದಂತೆ ಗಾಳಿಗೆ ಹಾರಿ ಮೈ ತಿರುಚಿ ಇಳಿದರೆ ಭರ್ಜರಿ ಖುಷಿಯಲ್ಲಿದೆ ಎಂದರ್ಥ. ಮೊಲಕ್ಕೆಂದು ಮಾರುವ ಪ್ಲಾಸ್ಟಿಕ್ ಉರುಳುಚೆಂಡು, ಕಾಳು ಬೆರೆಸಿದ ಬಣ್ಣದ ತಿಂಡಿ, ಮೊಸರು ಮಿಠಾಯಿ ಯಾವುದೂ ಬೇಡ.

ತಿನ್ನುವುದರಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ಮೊಲದ ಹಲ್ಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಸವೆಸುವುದು ಹುಲ್ಲು. ಭತ್ತದ ಹುಲ್ಲು ಹಾಸಲು ಸರಿ, ಅದೊಂದರಲ್ಲೇ ಹೊಟ್ಟೆ ತುಂಬಿಸಬೇಡಿ, ಸತ್ವವಿಲ್ಲ. ಗರಿಕೆ, ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಚೆನ್ನ. ಬೆಣ್ಣೆಹಣ್ಣಿನ ಎಲೆ, ಲಂಟಾನ, ಕೆಸ, ಕಣಗಿಲೆ, ಹಸಿ ಕಣಿಲೆ (ಎಳೆ ಬಿದಿರು) ಹತ್ತಿರ ಸುಳಿಯಬಾರದು. ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೊ ದ್ರಾವಣ ಹೊಡೆದ ತೋಟದ ಹುಲ್ಲೂ ಬೇಡ, ಅದರಲ್ಲಿರುವುದು ಮೈಲುತುತ್ತ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಹುಲ್ಲು ಮುಗ್ಗುತ್ತದೆ, ಮೂಗಿಗೆ ಹಿಡಿದು ನೋಡಿ, ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಎಸೆಯಿರಿ. ಕುಶಾಲನಗರದ ಕಡೆಯವರಿಗೆ ಸಮಸ್ಯೆ ಏಪ್ರಿಲ್‌ನದ್ದು: 30 ಡಿಗ್ರಿ ದಾಟಿದರೆ ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಡಿ.

ಸುಗ್ಗಿ ಹಬ್ಬ ಪುತ್ತರಿಯ ಕೋವಿ ಸದ್ದು, ಪಟಾಕಿ, ಮಡಿಕೇರಿಯವರಿಗಾದರೆ ದಸರಾದ ದಶಮಂಟಪ ಮೆರವಣಿಗೆಯ ರಾತ್ರಿ, ಇವು ಮೊಲಕ್ಕೆ ಕಷ್ಟದ ದಿನಗಳು. ಮುಂಚೆಯೇ ಒಳಕೋಣೆಗೆ ಸಾಗಿಸಿ, ಕಿಟಕಿ ಮುಚ್ಚಿ, ಹುಲ್ಲು ಧಾರಾಳವಾಗಿ ಹಾಕಿ. ಹೆದರಿದ ಮೊಲ ಹಿಂಗಾಲಿನಿಂದ ನೆಲಕ್ಕೆ ಧಪ್ ಎಂದು ಬಡಿಯುತ್ತದೆ. ಮರುದಿನ ಬೆಳಿಗ್ಗೆ ಮೊದಲ ಕೆಲಸ ಹಿಕ್ಕೆ ನೋಡುವುದು. 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಇಲ್ಲ ಎಂದಾದರೆ ಸಂಜೆಯವರೆಗೆ ಕಾಯದೆ ಡಾಕ್ಟರ ಬಳಿ ಹೋಗಿ. ಹೋಗುವಾಗ ಕಾಯಿಲೆಯದನ್ನು ಮಾತ್ರ ಒಯ್ಯದೆ ಎರಡನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಿರಿ. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಔಷಧದ ವಾಸನೆ ಹೊತ್ತು ಬಂದ ಮೊಲವನ್ನು ಮನೆಯಲ್ಲುಳಿದದ್ದು ಗುರುತಿಸದೆ ಹೋದರೆ ಮತ್ತೆ ಜಾಲರಿಯಿಂದ ಶುರು ಮಾಡಬೇಕಾಗುತ್ತದೆ.